ತುರ್ತು: ‘ಸ್ಟ್ಯಾಟಿಕ್ ಲೈನ್’ಗೆ ಕನ್ನಡ? ‘ಛತ್ರಿ ಸೈನಿಕ’ ಸರಿಯೇ?

ತುಮಕೂರಿನಿಂದ:
ಎಲ್ಲರಿಗೂ ನಮಸ್ಕಾರ. ಎನ್‌ಸಿಸಿ ಪ್ರದರ್ಶನಕ್ಕೆ, ವಿಮಾನದಿಂದ ಪ್ಯಾರಾಚೂಟ್ ಕಟ್ಟಿಕೊಂಡು ಜಿಗಿಯುವ ಪ್ಯಾರಾ ಪಡೆಯ ವರ್ಷದ ತರಬೇತಿ ಕುರಿತ ಫಲಕಗಳು ನಾಳೆ ಬೆಳಿಗ್ಗೆ ಫ್ಲೆಕ್ಸ್ ಅಂಗಡಿಗೆ ಹೋಗಬೇಕು. ಕರಡಿನಲ್ಲಿ ‘ಛತ್ರಿ ಸೈನಿಕರು’, ಜಂಪ್‌ಗೆ ‘ನೆಗೆತ’, ಸ್ಟಿಕ್‌ಗೆ ‘ಕೋಲು’, ಸ್ಟ್ಯಾಟಿಕ್ ಲೈನ್‌ಗೆ ‘ಸ್ಥಿರ ರೇಖೆ’, ಲ್ಯಾಂಡಿಂಗ್ ಫಾಲ್‌ಗೆ ‘ಭೂಸ್ಪರ್ಶ ಪತನ’ ಎಂದಿದೆ. ಯಾವುದನ್ನು ಉಳಿಸಿಕೊಳ್ಳಲಿ?

ಕೋಲಾರದಿಂದ:
ಒಂದನ್ನೂ ಬೇಡ. ಹಿಂದಿಯವರಿಗೆ ಛತ್ರಿ ಸರಿ. ನಮ್ಮಲ್ಲಿ ‘ಅವನೊಬ್ಬ ಛತ್ರಿ’ ಅಂದರೆ ಏನೆಂದು ತುಮಕೂರಿನವರಿಗೆ ಹೇಳಬೇಕೆ? ‘ನೆಗೆತ’ ಹಾಕಿದರೆ ಹುಡುಗರು ‘ನೆಗೆದುಬಿದ್ದು ನೆಲ್ಲಿಕಾಯಿ’ ಅಂತಲೇ ಓದುವುದು. ಜಿಗಿತ ಸಾಕು: ಆಗ್ರಾದ ಮೂಲ ತರಬೇತಿಯಲ್ಲಿ 5 ಜಿಗಿತ, ಅದರಲ್ಲೊಂದು ರಾತ್ರಿಯದು. ಸ್ಟಿಕ್ ಎಂದರೆ ಒಂದೇ ಬಾಗಿಲಿನಿಂದ ಒಬ್ಬರ ಹಿಂದೊಬ್ಬರು ಜಿಗಿಯುವವರು. ಸಾಲು ಎನ್ನಿ.

ಸ್ಟ್ಯಾಟಿಕ್ ಲೈನ್ ರೇಖೆಯಲ್ಲ, ಸುಮಾರು 15 ಅಡಿಯ ನೈಲಾನ್ ಪಟ್ಟಿ. ಒಂದು ತುದಿ ವಿಮಾನದೊಳಗಿನ ಉಕ್ಕಿನ ತಂತಿಗೆ ಕೊಕ್ಕೆ, ಇನ್ನೊಂದು ಪ್ಯಾರಾಚೂಟ್ ಮಡಚಿಟ್ಟ ಬೆನ್ನಿನ ಚೀಲಕ್ಕೆ. ಆಳು ಹೊರಬಿದ್ದಾಗ ಅದು ಬಿಗಿಯಾಗಿ ಚೀಲ ಬಿಚ್ಚುತ್ತದೆ, ದಾರಗಳನ್ನೂ ಬಟ್ಟೆಯನ್ನೂ ಹೊರಗೆಳೆಯುತ್ತದೆ. ಕೊಡೆಯ ನೆತ್ತಿಗೆ ಕಟ್ಟಿದ ತೆಳು ದಾರ ಕೊನೆಗೆ ಹರಿಯುತ್ತದೆ. ಪಟ್ಟಿ ವಿಮಾನದಲ್ಲೇ ಉಳಿಯುತ್ತದೆ, ಸ್ಟ್ಯಾಟಿಕ್ ಎಂದದ್ದು ಅದಕ್ಕೆ. ನಮ್ಮಲ್ಲಿ ಪದ ಇದ್ದೇ ಇದೆ: ಕಣ್ಣಿ. ಒಂದು ತುದಿ ಗೂಟಕ್ಕೆ, ಒಂದು ತುದಿ ದನದ ಕೊರಳಿಗೆ. ತಮಿಳಿನಲ್ಲೂ ಕಣ್ಣಿ ಎಂದರೆ ಕುಣಿಕೆ. ದ್ರಾವಿಡ ಮೂಲದ ಮಾತು.

ಚಿಂತಾಮಣಿಯಿಂದ:
ಕಣ್ಣಿ ಸಲ್ಲದು. ಕಣ್ಣಿಯ ಕೆಲಸ ಬಿಡದಿರುವುದು, ಇದರ ಕೆಲಸ ಬಿಚ್ಚಿ ಬಿಟ್ಟುಕೊಡುವುದು. ಕಣ್ಣಿಯಂತೆ ಬಿಡದೆ ಹಿಡಿದರೆ ಆಳು ವಿಮಾನದ ಹಿಂದೆ ನೇತಾಡುತ್ತಾನೆ, ಅದು ಅಪಘಾತ. ‘ಸೆಳೆಪಟ್ಟಿ’ ಹಾಕಿ.

‘ಭೂಸ್ಪರ್ಶ ಪತನ’ ಓದಿದರೆ ವಿಮಾನವೇ ಬಿತ್ತು ಅನ್ನಿಸುತ್ತದೆ. ಅದು ಗರಡಿಯ ಪಟ್ಟಿನ ಹಾಗೆ ಕಲಿಯುವ ವಿದ್ಯೆ, ಆದ್ದರಿಂದ ‘ಬೀಳುಪಟ್ಟು’. ಪಾದ, ಮಂಡಿ ಜೋಡಿಸಿ, ಮಂಡಿ ತುಸು ಮಡಿಸಿ, ಮುಂಗಾಲು, ಮೀನಖಂಡ, ತೊಡೆ, ಪಿರ್ರೆ, ಬೆನ್ನಿನ ಪಕ್ಕ ಈ ಕ್ರಮದಲ್ಲಿ ನೆಲಕ್ಕೆ ಒರಗಿ ಉರುಳಬೇಕು. ನೆಲ ನೋಡುತ್ತಾ ಕಾಲು ಚಾಚಿದರೆ ಕಣಕಾಲು ಹೋಯಿತು, ಕೈಯೂರಿದರೆ ಮಣಿಕಟ್ಟು.

ಕರಡಿನಲ್ಲಿ ರಿಫ್ರೆಶರ್ ಜಂಪ್‌ಗೆ ‘ಪುನಶ್ಚೇತನ’ ಎಂದಿದ್ದರೆ ತೆಗೆಯಿರಿ, ಅದು ಮೇಷ್ಟ್ರುಗಳ ಶಿಬಿರ. ‘ಮರುಜಿಗಿತ’ ಸಾಕು. ಋತುವಿನ ಫಲಕಕ್ಕೆ ಕಾರಣವನ್ನೂ ಬರೆಯಿರಿ. ಬೇಸಿಗೆಯಲ್ಲಿ ಮುಂಜಾನೆಯೇ ಜಿಗಿಯುವುದು ಯಾಕೆಂದರೆ ಹೊತ್ತೇರಿದಂತೆ ಕಾದ ನೆಲದಿಂದ ಗಾಳಿ ಮೇಲೇಳುತ್ತದೆ. ಪಾವಗಡದ ಬಯಲಿನ ಸುಳಿಗಾಳಿ ಕಂಡವರಿಗೆ ಇಷ್ಟು ಸಾಕು. ಅಮೆರಿಕದ ಸೇನೆ ತರಬೇತಿಗೆ ಇಟ್ಟ ಗಾಳಿಯ ಮಿತಿ 13 ನಾಟ್, ಅಂದರೆ ಗಂಟೆಗೆ ಸುಮಾರು 24 ಕಿ.ಮೀ. ಅದಕ್ಕೂ ಜೋರಾದರೆ ಇಳಿದ ಮೇಲೂ ಕೊಡೆ ಉಬ್ಬಿ ಆಳನ್ನು ಎಳೆದಾಡುತ್ತದೆ. ಮಳೆಗಾಲದಲ್ಲಿ ನೆನೆದ ಕೊಡೆಯನ್ನು ತೂಗುಹಾಕಿ ಒಣಗಿಸದೆ ಮಡಚುವಂತಿಲ್ಲ. ಚಳಿಗಾಲದಲ್ಲಿ ಆಗ್ರಾ ಕಡೆ ಮಂಜು. ಎತ್ತರದ ಬೆಟ್ಟಸೀಮೆಯಲ್ಲಿ ಗಾಳಿ ತೆಳು, ಇಳಿಯುವ ವೇಗ ಹೆಚ್ಚು.

ಮಧುಗಿರಿಯಿಂದ:
ಬುಡವನ್ನೇ ಬಿಟ್ಟಿರಿ. ಪ್ಯಾರಾಚೂಟ್ ಫ್ರೆಂಚ್ ಮಾತು: ಪ್ಯಾರಾ ತಡೆ, ಶೂಟ್ ಬೀಳುವಿಕೆ. ಅದರಲ್ಲಿ ಕೊಡೆಯೇ ಇಲ್ಲ! ಹಾಗಾಗಿ ‘ಧುಮುಕುಕೊಡೆ’ಯೂ ತಪ್ಪು. ‘ಬೀಳ್ತಡೆ’ ಎನ್ನಿ. ಎರವಲಿಗೆ ಒಂದು ಕೊನೆ ಬೇಡವೇ?

ಚಿಂತಾಮಣಿಯಿಂದ:
ಬೀಳ್ತಡೆ ಎಂದರೆ ಮಹಡಿಯ ಕಂಬಿ ಅಂದುಕೊಳ್ಳುತ್ತಾರೆ ಸ್ವಾಮಿ. ನಾಟ್ ಎರವಲು, ನೈಲಾನ್ ಎರವಲು, ನಾಳೆ ಮುದ್ರಿಸುವ ಫ್ಲೆಕ್ಸೂ ಎರವಲು. ನಮ್ಮೂರಲ್ಲಿ ಅರ್ಧ ಮನೆಗಳು ಕೊಡೆಗೆ ತೆಲುಗಿನ ಗೊಡುಗು ಎನ್ನುತ್ತವೆ. ಅವರ ಕನ್ನಡಕ್ಕೇನೂ ಊನವಾಗಿಲ್ಲ.

ಕೋಲಾರದಿಂದ:
ಗೊಡುಗಿನ ಮಾತು ಇಲ್ಲಿ ಯಾರು ಕೇಳಿದರು? ಆ ಸೆಳೆಪಟ್ಟಿ ಯಾವ ಊರಲ್ಲಿ, ಯಾರ ಬಾಯಲ್ಲಿದೆ? ಈಗ ಕೂತು ಹೊಸೆದದ್ದು.

ತುಮಕೂರಿನಿಂದ:
ಪ್ಯಾರಾಚೂಟ್ ಪಡೆ, ಜಿಗಿತ, ಮರುಜಿಗಿತ, ಸಾಲು, ಬೀಳುಪಟ್ಟು ಇಷ್ಟನ್ನು ಕಳಿಸಿದೆ. ಸ್ಟ್ಯಾಟಿಕ್ ಲೈನ್ ಚಿತ್ರದ ಕೆಳಗೆ ಮಾತ್ರ ಖಾಲಿ ಇದೆ. ಅಂಗಡಿಯವರು ರಾತ್ರಿ ಹತ್ತರವರೆಗೆ ಕಾಯುತ್ತಾರಂತೆ. ಒಂದು ಪದಕ್ಕೆ ಬನ್ನಿ, ದಯವಿಟ್ಟು.

ಕೋಲಾರದಿಂದ:
ಕಣ್ಣಿ.