ನನ್ನ ಫೋಟೋ ಹಾಕಿಕೊಂಡು ಬೇರೆಯವರು ಮಾರುತ್ತಿದ್ದಾರೆ, ತೆಗೆಸುವುದು ಹೇಗೆ?

ಉಣ್ಣೆದಾರ:

ಎಲ್ಲರಿಗೂ ನಮಸ್ಕಾರ. ಚಿಕ್ಕ ಮಕ್ಕಳ ಸ್ವೆಟರ್, ಟೋಪಿ, ಕಾಲುಚೀಲಗಳನ್ನು ಕ್ರೋಶಾದಲ್ಲಿ ಹೆಣೆದು ಆನ್‌ಲೈನಲ್ಲಿ ಮಾರುತ್ತೇನೆ. ಹೆಣೆಯುವುದೂ ನಾನೇ, ಫೋಟೋ ತೆಗೆಯುವುದೂ ನಾನೇ. ಮೊನ್ನೆ ಪರಿಚಯವೇ ಇಲ್ಲದ ಒಬ್ಬರು ಮೆಸೇಜ್ ಮಾಡಿ, "ನಿಮ್ಮ ಹತ್ತಿರ ತಗೊಂಡ ಸ್ವೆಟರ್ ಒಂದು ಸಲ ಒಗೆದಿದ್ದಕ್ಕೇ ಬಿಚ್ಚಿಕೊಂಡು ಬಂತು, ಕೂಸಿಗೆ ಹಾಕೋ ಬಟ್ಟೆ ಹೀಗಾ ಮಾಡೋದು?" ಅಂತ ಚೆನ್ನಾಗಿ ಬೈದರು. ಹುಡುಕಿದರೆ ಅವರ ಹೆಸರಲ್ಲಿ ನನ್ನ ಹತ್ತಿರ ಆರ್ಡರೇ ಇಲ್ಲ. ಅವರು ಕೊಂಡಿದ್ದು ಬೇರೆ ಮಾರಾಟಗಾರನಿಂದ, ಅವನು ಹಾಕಿದ್ದ ಫೋಟೋ ಮಾತ್ರ ನನ್ನದು. ಆ ಫೋಟೋವನ್ನೇ ಗೂಗಲ್‌ನಲ್ಲಿ ಹಾಕಿ ಹುಡುಕಿದಾಗ ನನ್ನ ಪುಟ ಸಿಕ್ಕಿತಂತೆ.

ಅವರು ಕಳಿಸಿದ ಲಿಂಕ್ ತೆರೆದು ನೋಡಿದೆ. ಫೋಟೋವನ್ನು ಎಡ ಬಲ ಮಗುಚಿ ಹಾಕಿದ್ದಾನೆ, ಕೆಳಗಿನ ಮೂಲೆಯಲ್ಲಿದ್ದ ನನ್ನ ಅಂಗಡಿಯ ಹೆಸರನ್ನು ಕತ್ತರಿಸಿದ್ದಾನೆ. ನಾನು ಕಾಜಾ ಹಾಕುವುದು ಎಡಗಡೆ ಪಟ್ಟಿಗೆ, ಅವನ ಫೋಟೋದಲ್ಲಿ ಅದು ಬಲಗಡೆ ಇದೆ. ಆದರೆ ಮೇಲಿನಿಂದ ಮೂರನೇ ಗುಂಡಿ ಉಳಿದವಕ್ಕಿಂತ ಒಂದು ಚೂರು ಗಾಢ ಕಂದು. ಆ ಬಣ್ಣದ ಗುಂಡಿ ಮುಗಿದುಹೋಗಿ ಹತ್ತಿರದ ಬಣ್ಣದ್ದನ್ನು ಹೊಲಿದಿದ್ದೆ. ಅಂಥ ಸ್ವೆಟರ್ ಪ್ರಪಂಚದಲ್ಲಿ ಒಂದೇ ಇರೋದು, ಅದು ಈಗಲೂ ನನ್ನ ಕಪಾಟಿನಲ್ಲಿದೆ.

ಒಂದು ದೊಡ್ಡ ಮಾರಾಟ ತಾಣದಲ್ಲಿ ಇದೆ, ಅದಲ್ಲದೆ ಅವನದೇ ಅಂತ ಕಾಣುವ ಒಂದು ಪ್ರತ್ಯೇಕ ವೆಬ್‌ಸೈಟಲ್ಲೂ ಇದೆ. ಆ ಗ್ರಾಹಕರು ಅವನನ್ನು ಕೇಳಿದ್ದಕ್ಕೆ "ಇಂಟರ್‌ನೆಟ್ಟಲ್ಲಿ ಸಿಕ್ಕಿದ ಫೋಟೋ ಯಾರು ಬೇಕಾದರೂ ಬಳಸಬಹುದು, ಅವರ ಹೆಸರಲ್ಲಿ ರಿಜಿಸ್ಟರ್ ಆಗಿದೆಯಾ ಕೇಳಿ" ಅಂದನಂತೆ. ನಾನು ಯಾವುದನ್ನೂ ರಿಜಿಸ್ಟರ್ ಮಾಡಿಸಿಲ್ಲ. ನನಗೆ ಏನಾದರೂ ಹಕ್ಕಿದೆಯಾ? ಎಲ್ಲಿಂದ ಶುರು ಮಾಡಲಿ? ದುಡ್ಡು ಹೋಗಿದ್ದಕ್ಕಿಂತ, ಯಾವುದೋ ಮಗುವಿನ ಮೈಮೇಲೆ ಬಿಚ್ಚಿಹೋದ ಬಟ್ಟೆಗೆ ನನ್ನ ಹೆಸರು ಅಂಟಿಕೊಂಡಿತಲ್ಲ ಅನ್ನೋದು ತಡೆಯೋಕೆ ಆಗ್ತಿಲ್ಲ.

ಮಣಿಮಾಲೆ:

ಅಕ್ಕ, ಓದಿ ಬೇಜಾರಾಯಿತು. ನನ್ನ ಮಣಿ ಸರಗಳಿಗೂ ಹೀಗೇ ಆಗಿತ್ತು. ಅವನ ಲಿಸ್ಟಿಂಗ್ ಕೆಳಗೆ "ಇದು ಕದ್ದ ಫೋಟೋ" ಅಂತ ವಿಮರ್ಶೆ ಬರೆಯಿರಿ, ಗೆಳೆಯರಿಂದಲೂ ಬರೆಸಿ. ನಾಲ್ಕು ಜನ ನೋಡಲಿ.

ಕತ್ತಲೆಕೋಣೆ:

ಮಾರಾಟದ ವಸ್ತುಗಳ ಫೋಟೋ ತೆಗೆದೇ ಹೊಟ್ಟೆ ಹೊರೆಯುವವನು ನಾನು. ಈ ಕಳ್ಳತನ ಕಂಡರೆ ಮೈ ಉರಿಯುತ್ತದೆ, ಆದ್ದರಿಂದ ಉತ್ತರ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಮಣಿಮಾಲೆ ಅವರ ಸಿಟ್ಟು ನ್ಯಾಯವೇ. ಆದರೆ ದಯವಿಟ್ಟು ವಿಮರ್ಶೆ ಬರೆಯುವ ಕೆಲಸಕ್ಕೆ ಈಗ ಕೈಹಾಕಬೇಡಿ. ಕೊಳ್ಳದೆ ಬರೆದ ವಿಮರ್ಶೆಯನ್ನು ತಾಣದವರು ತೆಗೆದುಹಾಕುವ ಸಾಧ್ಯತೆ ಹೆಚ್ಚು. ಅದಕ್ಕಿಂತ ಮುಖ್ಯವಾಗಿ, ನಿಮಗೆ ಗೊತ್ತಾಗಿದೆ ಅಂತ ಅವನಿಗೆ ತಿಳಿದ ಕ್ಷಣ ಫೋಟೋ ಬದಲಾಯಿಸಿ "ನಾನು ಹಾಕೇ ಇರಲಿಲ್ಲ" ಅಂದುಬಿಡಬಹುದು. ಮೊದಲು ಸಾಕ್ಷಿ ಭದ್ರ ಮಾಡಿಕೊಳ್ಳಿ. ಲಿಸ್ಟಿಂಗ್‌ನ ಇಡೀ ಪುಟದ ಸ್ಕ್ರೀನ್‌ಶಾಟ್ ತೆಗೆಯಿರಿ, ಮೇಲಿನ ವಿಳಾಸದ ಪಟ್ಟಿ ಕಾಣಲೇಬೇಕು, ದಿನಾಂಕ ಮತ್ತು ಗಂಟೆ ಕಂಡರೆ ಇನ್ನೂ ಒಳ್ಳೆಯದು. ಮಾರಾಟಗಾರನ ಹೆಸರು, ವಸ್ತುವಿನ ಸಂಖ್ಯೆ, ಫೋಟೋದ ನೇರ ಲಿಂಕ್ ಬರೆದಿಟ್ಟುಕೊಳ್ಳಿ. ಇಂಟರ್‌ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಪುಟವನ್ನು ಉಳಿಸುವ ಸೌಲಭ್ಯ ಇದೆ, ಪುಕ್ಕಟೆ. ಅಲ್ಲಿ ಉಳಿಸಿದ ಪ್ರತಿಗೆ ಗಂಟೆ ನಿಮಿಷದ ಸಮೇತ ಮೊಹರು ಬೀಳುತ್ತೆ, ನೀವೇ ಸ್ಕ್ರೀನ್‌ಶಾಟ್ ತಿದ್ದಿದ್ದೀರಿ ಅನ್ನುವ ಮಾತಿಗೆ ಆಸ್ಪದ ಇರುವುದಿಲ್ಲ. ಕೆಲವು ಮಾರಾಟ ತಾಣಗಳು ಅದಕ್ಕೆ ಸಿಗದ ಹಾಗೆ ತಡೆ ಹಾಕಿರುತ್ತವೆ, ಆದರೂ ಪ್ರಯತ್ನ ಮಾಡಿ.

ಈಗ ನಿಮ್ಮ ಕಡೆಯ ಸಾಕ್ಷಿ. ಮೂಲ ಫೈಲ್ ಫೋನಿನಲ್ಲೋ ಕ್ಯಾಮೆರಾ ಕಾರ್ಡಿನಲ್ಲೋ ಇದೆಯಲ್ಲ, ಅದನ್ನೇ ನಕಲು ಮಾಡಿ ಎತ್ತಿಡಿ. ಮೆಸೇಜ್‌ನಲ್ಲಿ ಚಿತ್ರವಾಗಿ ಕಳಿಸಿದ ಪ್ರತಿ ಬೇಡ. ಯಾವ ಕ್ಯಾಮೆರಾ, ಯಾವ ದಿನ, ಎಷ್ಟು ಹೊತ್ತಿಗೆ ಎಂಬ ಎಕ್ಸಿಫ್ ಮಾಹಿತಿ ಮೂಲ ಫೈಲಿನ ಒಳಗೆ ಇರುತ್ತೆ, ಮೆಸೇಜಿಂಗ್ ಆ್ಯಪ್‌ಗಳೂ ಸಾಮಾಜಿಕ ಜಾಲತಾಣಗಳೂ ಸಾಮಾನ್ಯವಾಗಿ ಅದನ್ನು ಕಿತ್ತುಹಾಕುತ್ತವೆ. ಆದರೆ ಎಕ್ಸಿಫ್‌ಗಿಂತ ನಾನು ಹೆಚ್ಚು ನೆಚ್ಚಿಕೊಳ್ಳುವುದು ಇನ್ನೊಂದನ್ನು: ನೀವು ಎಲ್ಲೂ ಹಾಕದ ಫೋಟೋಗಳು. ಅದೇ ಸ್ವೆಟರ್, ಅದೇ ಬೆಳಕು, ಹಿಂದಿನ ಒಂದು ಕ್ಲಿಕ್, ಮುಂದಿನ ಎರಡು ಕ್ಲಿಕ್, ಗುರಿ ತಪ್ಪಿ ಮಸುಕಾದದ್ದು, ತೋಳು ಮಡಚುವಾಗ ನಿಮ್ಮ ಬೆರಳು ಸಿಕ್ಕಿಕೊಂಡದ್ದು. ಎಕ್ಸಿಫ್ ಅನ್ನು ತಿದ್ದಬಹುದು. ಈ ಸಾಲುಫೋಟೋಗಳನ್ನು ಅವನು ಎಲ್ಲಿಂದ ತರುತ್ತಾನೆ? ಅವನ ಹತ್ತಿರ ಇರುವುದು ನೀವು ಪ್ರಕಟಿಸಿದ ಒಂದು ಚೌಕ, ನಿಮ್ಮ ಹತ್ತಿರ ಅದರ ಅಂಚಿನಾಚೆ ಇದ್ದದ್ದೂ ಇದೆ. ಆ ಮೂರನೇ ಗುಂಡಿಯನ್ನು ಹತ್ತಿರದಿಂದ ಇನ್ನೊಂದು ಫೋಟೋ ತೆಗೆದು ಜೊತೆಗಿಡಿ, ಆ ಸ್ವೆಟರನ್ನು ಸದ್ಯಕ್ಕೆ ಮಾರಬೇಡಿ.

ರಿಜಿಸ್ಟರ್ ವಿಷಯದಲ್ಲಿ ಅವನು ಹೇಳಿದ್ದು ಸುಳ್ಳು. ಫೋಟೋ ತೆಗೆದ ಗಳಿಗೆಯಲ್ಲೇ ಅದರ ಕೃತಿಸ್ವಾಮ್ಯ ತೆಗೆದವರದಾಗುತ್ತದೆ. 1886ರ ಬರ್ನ್ ಒಪ್ಪಂದದ ಪ್ರಕಾರ ಹಕ್ಕು ಹುಟ್ಟುವುದಕ್ಕೆ ನೋಂದಣಿಯಂಥ ಯಾವ ವಿಧಿಯೂ ಬೇಕಿಲ್ಲ, 180ಕ್ಕೂ ಹೆಚ್ಚು ದೇಶಗಳು ಅದರಲ್ಲಿವೆ. ಕೋರ್ಟಿನಲ್ಲಿ ಪರಿಹಾರ ಕೇಳುವಾಗ ನೋಂದಣಿ ಇದ್ದರೆ ಕೆಲವು ದೇಶಗಳಲ್ಲಿ ಅನುಕೂಲ ಹೆಚ್ಚು, ಅಮೆರಿಕ ಅದಕ್ಕೆ ಉದಾಹರಣೆ. ಆದರೆ ಲಿಸ್ಟಿಂಗ್ ತೆಗೆಸೋಕೆ ಅದು ಬೇಡ. ಇಂಟರ್‌ನೆಟ್ಟಲ್ಲಿ ಕಂಡದ್ದು ಎಲ್ಲರಿಗೂ ಸೇರಿದ್ದು ಅನ್ನುವ ನಿಯಮ ಎಲ್ಲೂ ಇಲ್ಲ.

ದೂರು ಕೊಡುವಾಗ ಎಡವುವ ಜಾಗ ಇದು, ಗಮನಿಸಿ. ಲಿಸ್ಟಿಂಗ್ ಪಕ್ಕದಲ್ಲಿರುವ ಸಾಮಾನ್ಯ "ವರದಿ ಮಾಡಿ" ಗುಂಡಿ ಒತ್ತಿದರೆ ದೂರು ಬೇರೆ ಸಾಲಿನಲ್ಲಿ ಹೋಗಿ ಕೂರುತ್ತೆ. ತಾಣದ ಕೆಳತುದಿಯಲ್ಲೋ ಸಹಾಯ ಪುಟದಲ್ಲೋ ಕೃತಿಸ್ವಾಮ್ಯ ಅಥವಾ ಬೌದ್ಧಿಕ ಆಸ್ತಿಯ ದೂರಿಗೆ ಅಂತಲೇ ಬೇರೆ ಫಾರ್ಮ್ ಇರುತ್ತೆ, ಅದನ್ನು ಹುಡುಕಿ. ಅಲ್ಲಿ ಫೋಟೋದ ಬಗ್ಗೆ ಮಾತ್ರ ಮಾತಾಡಿ. "ನನ್ನ ಡಿಸೈನ್ ಕದ್ದ, ಕಳಪೆ ಮಾಲು ಮಾರುತ್ತಿದ್ದಾನೆ, ಜನರಿಗೆ ಮೋಸ ಮಾಡುತ್ತಿದ್ದಾನೆ" ಅಂತೆಲ್ಲ ಸೇರಿಸಿದರೆ ವಿಷಯ ಕಲಸಿಹೋಗುತ್ತೆ. ಸ್ವೆಟರಿನ ವಿನ್ಯಾಸದ ಮೇಲಿನ ಹಕ್ಕು ಬೇರೆಯದೇ ತಕರಾರು, ಅದನ್ನು ಸಾಬೀತು ಮಾಡುವುದು ಕಷ್ಟ. ಫೋಟೋ ನಿಮ್ಮದು ಅನ್ನೋದನ್ನು ಮಾತ್ರ ಯಾರೂ ಅಲ್ಲಾಡಿಸೋಕೆ ಆಗಲ್ಲ. ನಾನು ಬರೆಯುವುದು ಇಷ್ಟೇ:

"ಈ ಲಿಂಕ್‌ನಲ್ಲಿರುವ ಮೊದಲನೇ ಚಿತ್ರ ನಾನೇ ತೆಗೆದದ್ದು. ಮೂಲ ಚಿತ್ರ ನನ್ನ ಅಂಗಡಿಯ ಈ ಪುಟದಲ್ಲಿ, ಈ ದಿನಾಂಕದಿಂದ ಇದೆ. ಬಳಸಲು ನಾನು ಯಾರಿಗೂ ಅನುಮತಿ ಕೊಟ್ಟಿಲ್ಲ. ಚಿತ್ರವನ್ನು ಎಡ ಬಲ ಮಗುಚಿ, ಕೆಳಭಾಗದಲ್ಲಿದ್ದ ನನ್ನ ಹೆಸರನ್ನು ಕತ್ತರಿಸಲಾಗಿದೆ. ದಯವಿಟ್ಟು ತೆಗೆದುಹಾಕಿ."

ಇದರ ಜೊತೆ ನಿಮ್ಮ ಹೆಸರು, ಸಂಪರ್ಕ, ಮೇಲಿನದೆಲ್ಲ ನಿಜ ಮತ್ತು ಹಕ್ಕುದಾರರು ನೀವೇ ಎಂಬ ಹೇಳಿಕೆ, ಸಹಿ. ಅಮೆರಿಕದ 1998ರ ಡಿಎಂಸಿಎ ಎಂಬ ಕೃತಿಸ್ವಾಮ್ಯ ಕಾನೂನು ಕೇಳುವುದು ಇವನ್ನೇ. ದೊಡ್ಡ ತಾಣಗಳಲ್ಲಿ ಬಹುಪಾಲು ತಮ್ಮ ಫಾರ್ಮುಗಳನ್ನು ಅದೇ ಅಚ್ಚಿನಲ್ಲಿ ಮಾಡಿಕೊಂಡಿರುವುದರಿಂದ ನೀವು ಎಲ್ಲಿದ್ದರೂ ಇದು ಉಪಯೋಗಕ್ಕೆ ಬರುತ್ತೆ. ನೀವು ಕೊಟ್ಟ ಹೆಸರು, ಇಮೇಲ್ ಆ ಮಾರಾಟಗಾರನಿಗೆ ತಲುಪಬಹುದು. ಮನೆಯ ನಂಬರ್, ಸ್ವಂತ ಇಮೇಲ್ ಬದಲು ಅಂಗಡಿಯದನ್ನೇ ಕೊಡಿ.

ಒಂದು ವಿಷಯ ಮಾತ್ರ ನೀವು ನೋಡಿಕೊಳ್ಳಬೇಕು. ನೀವೂ ಅದೇ ತಾಣದಲ್ಲಿ ಮಾರುತ್ತೀರಾ? ಕೆಲವು ಕಡೆ ಒಂದೇ ವಸ್ತುವಿಗೆ ಎಲ್ಲ ಮಾರಾಟಗಾರರಿಗೂ ಸೇರಿ ಒಂದೇ ಪುಟ ಇರುತ್ತೆ, ಅಲ್ಲಿಗೆ ಫೋಟೋ ಹಾಕುವಾಗ ಬಳಕೆಯ ಅನುಮತಿಯನ್ನೂ ತಾಣಕ್ಕೆ ಕೊಟ್ಟಿರುತ್ತೀರಿ. ಹಾಗಿದ್ದರೆ "ಅವನು ಮಾರುತ್ತಿರುವುದು ನನ್ನ ವಸ್ತುವೇ ಅಲ್ಲ" ಅಂತ ಬೇರೆ ದಾರಿಯಲ್ಲಿ ದೂರಬೇಕಾಗುತ್ತೆ.

ಅವನ ಸ್ವಂತ ವೆಬ್‌ಸೈಟಿನ ದಾರಿ ಸ್ವಲ್ಪ ಸುತ್ತು. ಸೈಟುಗಳ ವಿಳಾಸ ವ್ಯವಸ್ಥೆಯನ್ನು ನೋಡಿಕೊಳ್ಳುವ ಐಕ್ಯಾನ್ ಸಂಸ್ಥೆಯ ಲುಕಪ್ ಪುಟದಲ್ಲಿ ಆ ವಿಳಾಸ ಹಾಕಿದರೆ ಡೊಮೇನ್, ಅಂದರೆ ಆ ವಿಳಾಸವನ್ನು, ನೋಂದಾಯಿಸಿದ ಸಂಸ್ಥೆ, ಅದರ ದೂರಿನ ಇಮೇಲ್ ಸಿಗುತ್ತೆ. ಮಾಲೀಕನ ಹೆಸರು ಹೆಚ್ಚಾಗಿ ಮುಚ್ಚಿರುತ್ತೆ, ಅದು ಬೇಕಾಗಿಯೂ ಇಲ್ಲ. ನಿಮಗೆ ಬೇಕಾದ್ದು ಆ ಸೈಟನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಸಂಸ್ಥೆ. ಸೈಟಿಗೂ ನೋಡುವವರಿಗೂ ನಡುವೆ ನಿಂತು ಹೋಸ್ಟ್ ಯಾರೆಂದು ಕಾಣದಂತೆ ಮಾಡುವ ಕ್ಲೌಡ್‌ಫ್ಲೇರ್ ಎಂಬ ಸೇವೆಯ ಹಿಂದೆ ಸೈಟ್ ಅಡಗಿದ್ದರೆ ಕ್ಲೌಡ್‌ಫ್ಲೇರ್‌ಗೇ ದೂರು ಕೊಡಿ, ಅವರು ಅದನ್ನು ನಿಜವಾದ ಹೋಸ್ಟ್‌ಗೆ ದಾಟಿಸುತ್ತಾರೆ. ಅಂಗಡಿ ಕಟ್ಟಿಕೊಡುವ ಸೇವೆಗಳಲ್ಲಿ ಅದನ್ನು ಮಾಡಿದ್ದರೆ ಇನ್ನೂ ಸುಲಭ, ಆ ಸೇವೆಯವರ ಬಳಿಯೇ ಕೃತಿಸ್ವಾಮ್ಯದ ಫಾರ್ಮ್ ಇರುತ್ತೆ. ಯಾರೂ ಕಿವಿಗೆ ಹಾಕಿಕೊಳ್ಳದಿದ್ದರೆ ಗೂಗಲ್ ಹುಡುಕಾಟದಿಂದ ಆ ಪುಟ ತೆಗೆಸಲು ಅವರ ಫಾರ್ಮ್ ತುಂಬಿ. ಸೈಟ್ ಉಳಿದರೂ ಹುಡುಕಿದವರಿಗೆ ಸಿಗುವುದಿಲ್ಲ. ಅಲ್ಲಿಗೆ ಕೊಟ್ಟ ದೂರಿನ ಪ್ರತಿ ಲುಮೆನ್ ಎಂಬ ಸಾರ್ವಜನಿಕ ಸಂಗ್ರಹಕ್ಕೆ ಹೋಗಬಹುದು, ಆದ್ದರಿಂದ ಅದರಲ್ಲೂ ಖಾಸಗಿ ವಿವರ ತುರುಕಬೇಡಿ.

ಆ ಗ್ರಾಹಕರನ್ನು ಬಿಡಬೇಡಿ. ಅವರಿಗೆ ನಿಮ್ಮ ಮೂಲ ಫೋಟೋ ತೋರಿಸಿ, ನಡೆದದ್ದು ತಿಳಿಸಿ, ತಾಣದವರಿಗೆ "ಬಂದ ವಸ್ತು ಚಿತ್ರದಲ್ಲಿ ಇದ್ದಂತಿಲ್ಲ" ಅಂತ ದೂರು ಕೊಟ್ಟು ಹಣ ವಾಪಸ್ ಕೇಳಲು ಹೇಳಿ. ನಿಮ್ಮ ಹೆಸರಿಗೆ ಹತ್ತಿದ ಮಸಿ ಅಲ್ಲೇ ತೊಳೆದುಹೋಗುತ್ತೆ, ಅವನ ಮೇಲೆ ಇನ್ನೊಂದು ದೂರೂ ದಾಖಲಾಗುತ್ತೆ.

ಬಿಳಿಹಾಳೆ:

ಕತ್ತಲೆಕೋಣೆ ಅವರು ಹೇಳಿದ್ದಕ್ಕೆ ಎರಡು ಮಾತು ಸೇರಿಸುತ್ತೇನೆ. ಬೇರೆ ಫೋಟೋಗಳಲ್ಲಿ ಯಾರಾದರೂ ಮಗು ಸ್ವೆಟರ್ ಹಾಕಿಕೊಂಡಿದ್ದು ಅದನ್ನೂ ಅವನು ಎತ್ತಿದ್ದರೆ, ಅದು ಕೃತಿಸ್ವಾಮ್ಯದ ವಿಷಯ ಮಾತ್ರ ಅಲ್ಲ. ಮಕ್ಕಳ ಖಾಸಗಿತನದ ಬಗ್ಗೆ ತಾಣಗಳಲ್ಲಿ ಬೇರೆಯೇ ದೂರಿನ ದಾರಿ ಇರುತ್ತೆ, ಆ ಮಗುವಿನ ತಂದೆತಾಯಿಯ ಕೈಯಲ್ಲಿ ಅಲ್ಲೂ ದೂರು ಕೊಡಿಸಿ.

ಇನ್ನೊಂದು, ಉಳಿದ ಫೋಟೋಗಳನ್ನೂ ಹುಡುಕಿ ನೋಡಿ. ಒಂದು ಕದ್ದವನು ಒಂದಕ್ಕೇ ನಿಲ್ಲಿಸಿರುವುದು ಅಪರೂಪ. ಗೂಗಲ್ ಲೆನ್ಸ್, ಟಿನ್‌ಐ ಎರಡರಲ್ಲೂ ಹಾಕಿ. ನಿಮ್ಮ ಮೂಲ ಫೋಟೋವನ್ನು ನೀವೇ ಎಡ ಬಲ ಮಗುಚಿ ಇನ್ನೊಮ್ಮೆ ಹುಡುಕಿ, ನೇರ ಹುಡುಕಾಟಕ್ಕೆ ಸಿಗದ್ದು ಹಾಗೆ ಸಿಕ್ಕೀತು. ಮುಂದೆ ಹೆಸರು ಹಾಕುವಾಗ ಮೂಲೆ ಬಿಟ್ಟು ಹೆಣಿಗೆಯ ಮೇಲೆಯೇ ತೆಳುವಾಗಿ ಬರುವಂತೆ ಹಾಕಿ. ಈಗ ಅಳಿಸುವ ಉಪಕರಣಗಳು ಬಂದಿವೆ ನಿಜ, ಆದರೆ ಹೆಣಿಗೆಯ ಕಣ್ಣುಗಳ ಮೇಲಿದ್ದದ್ದನ್ನು ಅಳಿಸಿದರೆ ಅಲ್ಲಿ ಕಣ್ಣುಗಳ ಸಾಲು ಕೆಟ್ಟಿರುವ ಸಾಧ್ಯತೆ ಇದೆ, ಹೆಣೆಯುವವರ ಕಣ್ಣಿಗೆ ಅದು ಬೀಳುತ್ತೆ.

ಉಣ್ಣೆದಾರ:

ಎಲ್ಲರಿಗೂ ತುಂಬಾ ಧನ್ಯವಾದ. ಹೇಳಿದ ಹಾಗೇ ಮಾಡಿದೆ. ಆ ತಾಣದಲ್ಲಿ ನಾನು ಮಾರುವುದಿಲ್ಲ, ಹಾಗಾಗಿ ಸೇರಿದ ಪುಟದ ತೊಡಕು ಇರಲಿಲ್ಲ. ಫಾರ್ಮ್ ಜೊತೆಗೆ ಸಾಲುಫೋಟೋಗಳನ್ನೂ ಮೂರನೇ ಗುಂಡಿಯ ಹತ್ತಿರದ ಫೋಟೋವನ್ನೂ ಹಾಕಿದೆ. ಲಿಸ್ಟಿಂಗ್ ತೆಗೆದಿದ್ದೇವೆ ಅಂತ ಇವತ್ತು ಇಮೇಲ್ ಬಂತು. ಆ ಗ್ರಾಹಕರೂ ಕ್ಷಮೆ ಕೇಳಿದರು, ಹಣ ವಾಪಸಿಗೆ ದೂರು ಕೊಟ್ಟಿದ್ದಾರೆ. ಮಗುಚಿ ಹುಡುಕಿದಾಗ ನನ್ನ ಎರಡು ಟೋಪಿಗಳ ಫೋಟೋಗಳೂ ಅವನ ಸೈಟಲ್ಲೇ ಸಿಕ್ಕವು. ಸೈಟ್ ಇನ್ನೂ ಹಾಗೇ ಇದೆ, ಹೋಸ್ಟಿಂಗ್‌ನವರಿಗೆ ಈ ಮೂರನ್ನೂ ಸೇರಿಸಿ ಬರೆದಿದ್ದೇನೆ.

ಒಂದೇ ಭಯ. ತಾಣದವರ ಇಮೇಲ್‌ನಲ್ಲಿ "ಮಾರಾಟಗಾರರು ಪ್ರತಿ ಸೂಚನೆ ಸಲ್ಲಿಸಬಹುದು" ಅಂತ ಇದೆ, ಅಂದರೆ ನನ್ನ ದೂರು ತಪ್ಪು ಅಂತ ಅವನು ಎದುರು ಹೇಳಿಕೆ ಕೊಡಬಹುದಂತೆ. ಸಲ್ಲಿಸಿದರೆ ಮತ್ತೆ ಬಂದುಬಿಡುತ್ತಾ?

ಕತ್ತಲೆಕೋಣೆ:

ಬಹಳ ಸಂತೋಷ. ಡಿಎಂಸಿಎ ಪ್ರಕಾರ ಪ್ರತಿ ಸೂಚನೆ ಕೊಡಬೇಕಾದರೆ ಅವನು ತನ್ನ ನಿಜ ಹೆಸರು, ವಿಳಾಸ, ಫೋನ್ ನಂಬರ್ ಕೊಟ್ಟು, ಕೋರ್ಟಿನ ವ್ಯಾಪ್ತಿಗೆ ಒಪ್ಪಿ, ಪ್ರಮಾಣ ಮಾಡಿ ಸಹಿ ಹಾಕಬೇಕು. ಕದ್ದವರು ಇಷ್ಟರವರೆಗೆ ಬಂದದ್ದನ್ನು ನಾನಂತೂ ಕಂಡಿಲ್ಲ. ಒಂದು ವೇಳೆ ಕೊಟ್ಟರೆ, ನೀವು ಕೋರ್ಟಿಗೆ ಹೋಗಿದ್ದೀರಿ ಅಂತ ತಾಣಕ್ಕೆ ತಿಳಿಸದಿದ್ದ ಪಕ್ಷದಲ್ಲಿ 10ರಿಂದ 14 ಕೆಲಸದ ದಿನಗಳೊಳಗೆ ಅವರು ಲಿಸ್ಟಿಂಗನ್ನು ಮತ್ತೆ ಹಾಕುತ್ತಾರೆ. ಆದ್ದರಿಂದ ಆ ಇಮೇಲ್ ಬಂದರೆ ಸುಮ್ಮನೆ ಇಟ್ಟುಕೊಳ್ಳದೆ ಅವತ್ತೇ ಒಬ್ಬ ವಕೀಲರಿಗೆ ತೋರಿಸಿ. ಆ ಹೊತ್ತಿಗೆ ಅವನ ಹೆಸರು, ವಿಳಾಸವೂ ನಿಮ್ಮ ಕೈಯಲ್ಲಿರುತ್ತೆ.

ಹೋಸ್ಟಿಂಗ್‌ನವರಿಗೆ ಬರೆದದ್ದರಲ್ಲಿ ಮೂರು ಫೋಟೋಗಳ ಲಿಂಕ್ ಬೇರೆ ಬೇರೆಯಾಗಿ ಕೊಟ್ಟಿದ್ದೀರಾ? "ಇಡೀ ಸೈಟ್ ತೆಗೆಯಿರಿ" ಅಂದರೆ ಪಕ್ಕಕ್ಕಿಡುತ್ತಾರೆ. ಒಂದೊಂದು ಕದ್ದ ಚಿತ್ರದ ಲಿಂಕ್, ಅದರ ಎದುರಿಗೆ ನಿಮ್ಮ ಮೂಲ ಚಿತ್ರದ ಲಿಂಕ್, ಹೀಗೆ ಜೋಡಿಯಾಗಿ ಬರೆದು ಕಳಿಸಿ. ಒಂದು ವಾರ ಉತ್ತರ ಬರದಿದ್ದರೆ ಅದೇ ಇಮೇಲ್‌ಗೆ ಮರು ಉತ್ತರವಾಗಿ ನೆನಪಿಸಿ, ಹೊಸದಾಗಿ ಬರೆಯಬೇಡಿ, ದೂರಿನ ಸಂಖ್ಯೆ ಬದಲಾಗಿ ಮತ್ತೆ ಸಾಲಿನ ಕೊನೆಗೆ ಹೋಗುತ್ತೀರಿ.