ಎಡೈನಾದ ಸೌತ್‌ಡೇಲ್ ಮಾಲ್: ಮೊದಲು ಇಲ್ಲಿ ಯಾರ ಅಂಗಡಿ ಇದ್ದವು?

ಹೊಸಬ_ಮಿನೆಸೋಟ:
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನ ಮಾನ್ಯತಾ ಟೆಕ್ ಪಾರ್ಕ್‌ನ ಟಾರ್ಗೆಟ್ (ಅಮೆರಿಕದ ದೊಡ್ಡ ಅಂಗಡಿ ಸರಪಳಿ) ಆಫೀಸಿನಿಂದ ಮಿನಿಯಾಪೊಲಿಸ್‌ಗೆ ಬಂದಿದ್ದೇನೆ. ಮನೆ ಪಕ್ಕದ ಎಡೈನಾ ಊರಿನಲ್ಲಿ. ಹೊರಗೆ ವಿಪರೀತ ಚಳಿ, ಹಾಗಾಗಿ ಸಂಜೆಯ ವಾಕಿಂಗ್ ಎಲ್ಲ ಸೌತ್‌ಡೇಲ್ ಮಾಲ್ ಒಳಗೇ. ಅಮೆರಿಕದ ಮೊದಲ ಮಾಲ್ ಇದೇ ಅಂತ ಆಫೀಸಿನಲ್ಲಿ ಹೇಳುತ್ತಾರೆ. ನಿಜಾನಾ? ಒಂದು ಕಡೆ ಮೇಸೀಸ್ ಅನ್ನೋ ದೊಡ್ಡ ಬಟ್ಟೆಬರೆ ಅಂಗಡಿ, ಇನ್ನೊಂದು ಕಡೆ ಮೂರು ಮಹಡಿಯ ಜಿಮ್. ಮಾಲ್‌ಗೆ ಅಷ್ಟು ದೊಡ್ಡ ಜಿಮ್ ಯಾಕೆ ಬಂತು? ಹಳಬರು ಯಾರಾದರೂ ಇದ್ದರೆ ಹೇಳಿ.

ಫ್ರಾನ್ಸ್_ಅವೆನ್ಯೂ_ಹಳಬ:
ಸ್ವಾಗತಪ್ಪ. ನೀವು ಕೇಳಿದ್ದು ನನ್ನ ಇಷ್ಟದ ವಿಷಯ. ಉದ್ದ ಆದರೆ ಬೈಕೋಬೇಡಿ.

"ಮೊದಲ ಮಾಲ್" ಅನ್ನೋದು ಪೂರ್ತಿ ಸರಿಯಲ್ಲ. ಸಾಲು ಅಂಗಡಿ ಕಟ್ಟಿ ಮುಂದೆ ಕಾರು ನಿಲ್ಲಿಸೋಕೆ ಜಾಗ ಬಿಟ್ಟ ಶಾಪಿಂಗ್ ಸೆಂಟರ್‌ಗಳು ಮೊದಲೇ ಇದ್ದವು. ಎಲ್ಲ ಅಂಗಡಿಗಳನ್ನೂ ಒಂದೇ ಸೂರಿನಡಿ ತಂದು, ವರ್ಷವಿಡೀ ಒಳಗೆ ಸುಮಾರು 24 ಡಿಗ್ರಿ ಇರುವಂತೆ ಮಾಡಿದ್ದು ಇಲ್ಲೇ ಮೊದಲು. ಬಾಗಿಲು ತೆರೆದದ್ದು 1956ರ ಅಕ್ಟೋಬರ್ 8ಕ್ಕೆ. ಒಟ್ಟು 72 ಮಳಿಗೆ, 5,000ಕ್ಕೂ ಜಾಸ್ತಿ ಕಾರಿಗೆ ಜಾಗ.

ಕಟ್ಟಿಸಿದ್ದು ಯಾರು ಗೊತ್ತಾ? ನಿಮಗೆ ಸಂಬಳ ಕೊಡೋ ಕಂಪನಿಯ ಅಪ್ಪ! ಮಿನಿಯಾಪೊಲಿಸ್ ಪೇಟೆಯಲ್ಲಿ ಡೇಟನ್ಸ್ ಅಂತ ದೊಡ್ಡ ಅಂಗಡಿ ಇತ್ತು. ಸೌತ್‌ಡೇಲ್ ಆ ಮನೆತನದ ಹೂಡಿಕೆ. ಅದೇ ಡೇಟನ್ ಕಂಪನಿ 1962ರಲ್ಲಿ ಪಕ್ಕದ ರೋಸ್‌ವಿಲ್‌ನಲ್ಲಿ ಮೊದಲ ಟಾರ್ಗೆಟ್ ತೆರೆಯಿತು. ಕೊನೆಗೆ 2000ದಲ್ಲಿ ಇಡೀ ಕಂಪನಿಗೇ ಟಾರ್ಗೆಟ್ ಅಂತ ಹೆಸರಾಯಿತು.

ಮಾಲ್‌ನಲ್ಲಿ ಡೇಟನ್ಸ್ ಎದುರಿಗೆ ಇದ್ದದ್ದು ಡೊನಾಲ್ಡ್‌ಸನ್ಸ್ ಅನ್ನೋ ಇನ್ನೊಂದು ದೊಡ್ಡ ಅಂಗಡಿ. ಪೇಟೆಯಲ್ಲಿ ಇಬ್ಬರೂ ಜಿದ್ದಾಜಿದ್ದಿ ವ್ಯಾಪಾರಸ್ಥರು. ಎದುರಾಳಿಯನ್ನು ಕರೆದು ತಂದು ತನ್ನ ಸೂರಿನಡಿ ಕೂರಿಸೋಕೆ ಧೈರ್ಯ ಬೇಕು. ಆ ಲೆಕ್ಕಾಚಾರ ಗೆದ್ದಿತು. ಡೊನಾಲ್ಡ್‌ಸನ್ಸ್ ಕಂಪನಿ 1987ರಲ್ಲಿ ಕಾರ್ಸನ್ಸ್ ಅನ್ನೋ ಬೇರೆ ಅಂಗಡಿ ಕಂಪನಿಯ ಪಾಲಾಯಿತು. ಡೇಟನ್ಸ್ 1990ರಲ್ಲಿ ಇಲ್ಲೇ ಇನ್ನೂ ದೊಡ್ಡ ಕಟ್ಟಡಕ್ಕೆ ಹೋಯಿತು. ಅದರ ಹಳೇ ಜಾಗವನ್ನು ಸಣ್ಣ ಮಳಿಗೆಗಳಾಗಿ ಒಡೆದರು. 2001ರಲ್ಲಿ ಡೇಟನ್ಸ್ ಬೋರ್ಡ್ ಇಳಿಸಿ ಮಾರ್ಷಲ್ ಫೀಲ್ಡ್ಸ್ ಅಂತ ಬರೆದರು. 2006ರಲ್ಲಿ ಅದೂ ಹೋಗಿ ಮೇಸೀಸ್. ನಮ್ಮ ಪಕ್ಕದ ಮನೆ ಅಜ್ಜಿ ಮಾತ್ರ ಇವತ್ತಿಗೂ "ಡೇಟನ್ಸ್‌ಗೆ ಹೋಗಿ ಬರ್ತೀನಿ" ಅಂತಲೇ ಹೊರಡುತ್ತಾರೆ.

ಇನ್ನು ಜಿಮ್. ಅಲ್ಲಿ ಜೆ.ಸಿ. ಪೆನ್ನಿ ಅನ್ನೋ ದೊಡ್ಡ ಅಂಗಡಿ ಇತ್ತು. ಅದು ಮುಚ್ಚಿದ ಮೇಲೆ ಕಟ್ಟಡ ಕೆಡವಿದರು. 2019ರ ಡಿಸೆಂಬರ್‌ನಲ್ಲಿ ಲೈಫ್ ಟೈಮ್ ಅನ್ನೋ ಈ ಜಿಮ್ ಬಂತು. ಕಾರಣ ಸರಳ. ಬಟ್ಟೆಯನ್ನು ಜನ ಮನೆಯಲ್ಲೇ ಕೂತು ತರಿಸಿಕೊಳ್ಳುತ್ತಾರೆ. ಬೆವರು ಸುರಿಸೋಕೆ ಮಾತ್ರ ಖುದ್ದಾಗಿ ಬರಬೇಕು ಅಲ್ವಾ? ವಾರಕ್ಕೆ ನಾಲ್ಕು ಸಲ ಬರೋ ಗಿರಾಕಿ ಅಂದರೆ ಮಾಲ್ ಮಾಲಿಕರಿಗೆ ಹಬ್ಬ.

ಕಟ್ಟಡ_ಹುಚ್ಚಿ:
ಸರ್, ವಿಕ್ಟರ್ ಗ್ರೂಯನ್ ಹೆಸರನ್ನೇ ಬಿಟ್ಟುಬಿಟ್ಟಿರಲ್ಲ! ಈ ಮಾಲ್‌ನ ಪ್ಲ್ಯಾನ್ ಹಾಕಿದ ವಾಸ್ತುಶಿಲ್ಪಿ ಅವರು. ವಿಯೆನ್ನಾದ ಯಹೂದಿ, 1938ರಲ್ಲಿ ನಾಜಿಗಳಿಂದ ತಪ್ಪಿಸಿಕೊಂಡು ಅಮೆರಿಕಕ್ಕೆ ಬಂದವರು. ಮಧ್ಯದ ದೊಡ್ಡ ಅಂಗಳ ಅವರ ಕನಸು. ಗಿಡ, ಕೊಳ, ಹಕ್ಕಿಗಳ ಪಂಜರ, ಕಾಫಿ ಕುಡಿಯೋಕೆ ಕುರ್ಚಿ. ಶಿಲ್ಪಿ ಹ್ಯಾರಿ ಬರ್ಟೋಯಾ ಮಾಡಿದ ಲೋಹದ ಮರಗಳೂ ಅಲ್ಲಿಗೇ ಮಾಡಿದ್ದು.

ಫ್ರಾನ್ಸ್_ಅವೆನ್ಯೂ_ಹಳಬ:
ಬಿಟ್ಟಿಲ್ಲ ತಾಯಿ, ಅವರಿಗೆ ಬೇರೆ ಜಾಗ ಇಟ್ಟಿದ್ದೆ. ಹೊಸಬರೇ, ನಾಳೆ ವಾಕಿಂಗ್ ಹೋದಾಗ ಒಂದು ವಿಷಯ ಗಮನಿಸಿ. ಪಾರ್ಕಿಂಗ್‌ನ ನೆಲ ಒಂದೇ ಮಟ್ಟದಲ್ಲಿಲ್ಲ. ಒಂದು ಕಡೆಯಿಂದ ಬಂದರೆ ಕೆಳಮಹಡಿಗೆ ಕಾಲಿಡುತ್ತೀರಿ, ಇನ್ನೊಂದು ಕಡೆಯಿಂದ ಬಂದರೆ ನೇರ ಮೇಲ್ಮಹಡಿಗೆ. ಇದು ಬೇಕಂತಲೇ ಮಾಡಿದ್ದು. ಮೆಟ್ಟಿಲು ಹತ್ತಿ ಅಂಗಡಿಗೆ ಹೋಗೋಕೆ ಜನ ಸೋಮಾರಿಗಳು. ಹೀಗೆ ಮಾಡಿದರೆ ಮೇಲಿನವನಿಗೂ ಗಿರಾಕಿ ಕಮ್ಮಿಯಾಗಲ್ಲ, ಬಾಡಿಗೆಯೂ ಕಮ್ಮಿಯಾಗಲ್ಲ. ಹೊರಗಿನಿಂದ ನೋಡಿದರೆ ಬರೀ ಗೋಡೆ. ಚೆಲುವೆಲ್ಲ ಒಳಗೆ.

ಹೆಸರಾಂತ ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಬಂದು ನೋಡಿ ಚೆನ್ನಾಗಿ ಉಗಿದರು. ಹಳ್ಳಿ ಬೀದಿಯ ಕೆಡುಕೆಲ್ಲ ಇಲ್ಲಿದೆ, ಅದರ ಸೊಗಸು ಮಾತ್ರ ಇಲ್ಲ ಅನ್ನೋ ಅರ್ಥದಲ್ಲಿ. ನನಗೆ ಅದು ಜಾಸ್ತಿಯಾಯ್ತು ಅನಿಸುತ್ತದೆ. ಜನವರಿಯಲ್ಲಿ ಇಲ್ಲಿಯ ಬೀದಿಯಲ್ಲಿ ಯಾವ ಸೊಗಸೂ ಇರಲ್ಲ, ಮೂಗು ಉದುರಿ ಹೋಗುತ್ತದೆ.

ಗ್ರೂಯನ್‌ಗೆ ಬೇಕಿದ್ದದ್ದು ಬರೀ ಮಾಲ್ ಅಲ್ಲ. ಸುತ್ತ 463 ಎಕರೆಯಲ್ಲಿ ಮನೆ, ಶಾಲೆ, ಆಸ್ಪತ್ರೆ, ಪಾರ್ಕ್, ಕೆರೆ ಎಲ್ಲ ಇರೋ ಒಂದು ಊರು. ಅವರ ಮನಸ್ಸಿನ ಆ ಊರು ಎದ್ದು ನಿಲ್ಲಲಿಲ್ಲ. ಮಾಲ್ ಸುತ್ತ ಡಾಂಬರಿನ ಸಮುದ್ರ ಉಳಿಯಿತು. ದೇಶದ ತುಂಬ ಇದನ್ನೇ ನಕಲು ಮಾಡಿದರು. ಗ್ರೂಯನ್ ವಿಯೆನ್ನಾಗೆ ವಾಪಸ್ ಹೋದರು. ಈ ಮಾಲ್‌ಗಳಿಗೂ ನನಗೂ ಸಂಬಂಧ ಇಲ್ಲ ಅಂತ 1978ರಲ್ಲಿ ಭಾಷಣದಲ್ಲೇ ಕೈತೊಳೆದುಕೊಂಡರು.

ಈಗ ನೋಡಿ, ಪಾರ್ಕಿಂಗ್ ಜಾಗದ ಒಂದು ಮೂಲೆಯಲ್ಲಿ ಅಪಾರ್ಟ್‌ಮೆಂಟ್ ಎದ್ದಿದೆ, ಒಂದು ಹೋಟೆಲ್ ಎದ್ದಿದೆ. ಅರವತ್ತು ವರ್ಷ ತಡವಾಗಿ, ಬಾಡಿಗೆಯ ಆಸೆಗಾದರೂ ಜನ ಅಲ್ಲಿ ವಾಸಕ್ಕೆ ಬಂದರು. ನನಗಂತೂ ಖುಷಿ.

ಕಟ್ಟಡ_ಹುಚ್ಚಿ:
ಬಾಡಿಗೆ ಎಷ್ಟು ಅಂತ ವಿಚಾರಿಸಿದ್ದೀರಾ ಸರ್? ಗ್ರೂಯನ್ ಊರಿನಲ್ಲಿ ಮಾಲ್‌ನ ಅಂಗಡಿ ಹುಡುಗರೂ ಇರಬೇಕಿತ್ತು ಅನ್ಕೋತೀನಿ. ಈ ಮನೆಗಳು ಅವರ ಸಂಬಳಕ್ಕೆ ಎಟುಕಲ್ಲ.

ಫ್ರಾನ್ಸ್_ಅವೆನ್ಯೂ_ಹಳಬ:
ಅದು ಸರಿ. ಒಪ್ಪಿದೆ.

ಹೊಸಬ_ಮಿನೆಸೋಟ:
ಇಬ್ಬರಿಗೂ ಥ್ಯಾಂಕ್ಸ್. ಡೇಟನ್ಸ್ ವಿಷಯವನ್ನು ಸೋಮವಾರ ನಮ್ಮ ಟೀಮಿನಲ್ಲಿ ಕೇಳಿ ನೋಡುತ್ತೇನೆ, ಎಷ್ಟು ಜನಕ್ಕೆ ಗೊತ್ತಿದೆ ಅಂತ. ಅಂದ ಹಾಗೆ, ಜಿಮ್ ಪಕ್ಕದ ಬಾಗಿಲು ಬೆಳಿಗ್ಗೆ ಎಷ್ಟು ಹೊತ್ತಿಗೆ ತೆರೆಯುತ್ತದೆ?