ಪದಚರ್ಚೆ: 14ನೇ ತಿದ್ದುಪಡಿಯ "ಜೂರಿಸ್‌ಡಿಕ್ಷನ್"ಗೆ ಕನ್ನಡದಲ್ಲಿ ಏನನ್ನೋಣ?

ಎಲ್ರಿಗೂ ನಮಸ್ಕಾರ,

ಅಮೆರಿಕದಲ್ಲಿ ಹುಟ್ಟೋ ಮಕ್ಕಳ ಪೌರತ್ವದ ಜಗಳದ ಬಗ್ಗೆ (ಅಲ್ಲಿ ಹುಟ್ಟಿದ್ರೂ ಕೆಲವು ವಿದೇಶಿಯರ ಮಕ್ಕಳಿಗೆ ಪೌರತ್ವ ಇಲ್ಲ ಅನ್ನೋ ಟ್ರಂಪ್ ಆದೇಶದಿಂದ ಎದ್ದಿದ್ದು) ಕನ್ನಡದಲ್ಲಿ ಒಂದು ಬರಹ ಸಿದ್ಧ ಮಾಡ್ತಿದೀನಿ, ಒಂದು ಪದದ ಹತ್ರ ಸಿಕ್ಕಾಕೊಂಡಿದೀನಿ, ತಿಳಿದೋರು ದಯವಿಟ್ಟು ಹೇಳಿ. ಬರ್ತ್‌ರೈಟ್ ಸಿಟಿಜನ್‌ಶಿಪ್‌ಗೆ, ಅಂದ್ರೆ ಆ ನೆಲದಲ್ಲಿ ಹುಟ್ಟಿದ್ದಕ್ಕೇ ಸಿಗೋ ಪೌರತ್ವಕ್ಕೆ, ಜನ್ಮದತ್ತ ಪೌರತ್ವ, ಜನ್ಮಸಿದ್ಧ ಪೌರತ್ವ ಎರಡೂ ಓಡಾಡ್ತಿವೆ. ಜನ್ಮಸಿದ್ಧ ಅಂದ ಕೂಡ್ಲೇ ತಿಲಕರ ಸ್ವರಾಜ್ಯದ ಮಾತು ನೆನಪಾಗಿ, ಇದು ಯಾರೂ ಕಿತ್ಕೊಳ್ಳೋಕೆ ಆಗ್ದಿರೋ ಹಕ್ಕು ಅನ್ನೋ ಧ್ವನಿ ಬಂದ್ಬಿಡತ್ತೆ, ಅದಕ್ಕೆ ನಾನು ಜನ್ಮದತ್ತ ಅಂತ ಇಟ್ಕೊಂಡಿದೀನಿ. ನನ್ನ ಪ್ರಶ್ನೆ ಬೇರೆ.

ಅಮೆರಿಕದ ಸಂವಿಧಾನಕ್ಕೆ 1868ರಲ್ಲಿ ಬಂದ 14ನೇ ತಿದ್ದುಪಡಿಯ ಮೊದಲ ವಾಕ್ಯ ಏನ್ ಹೇಳತ್ತೆ ಅಂದ್ರೆ, ಅಮೆರಿಕದಲ್ಲಿ ಹುಟ್ಟಿದ ಅಥವಾ ಆಮೇಲೆ ಅಲ್ಲಿನ ಪೌರತ್ವ ಪಡೆದ, ಮತ್ತು "ಅದರ ಜೂರಿಸ್‌ಡಿಕ್ಷನ್‌ಗೆ ಒಳಪಟ್ಟ" ಎಲ್ಲರೂ ಅಲ್ಲಿನ ಪೌರರು. ಕಪ್ಪು ಜನ ಪೌರರಾಗೋಕೆ ಸಾಧ್ಯವೇ ಇಲ್ಲ ಅಂತ 1857ರಲ್ಲಿ ಡ್ರೆಡ್ ಸ್ಕಾಟ್ ಕೇಸಲ್ಲಿ ಕೊಟ್ಟಿದ್ದ ತೀರ್ಪನ್ನ ಅಳಿಸಿಹಾಕೋಕೆ ಬಂದ ವಾಕ್ಯ ಇದು. ಈಗಿನ ಜಗಳ ಪೂರ್ತಿ "ಜೂರಿಸ್‌ಡಿಕ್ಷನ್‌ಗೆ ಒಳಪಟ್ಟ" ಅನ್ನೋ ತುಂಡಿನ ಮೇಲೇ ನಿಂತಿದೆ; ಜೂರಿಸ್‌ಡಿಕ್ಷನ್ ಅಂದ್ರೆ ಸುಮಾರಾಗಿ ಒಂದು ಸರ್ಕಾರಕ್ಕೋ ಕೋರ್ಟಿಗೋ ಇರೋ ಅಧಿಕಾರ.

ಇದನ್ನ ಸುಮ್ನೆ "ವ್ಯಾಪ್ತಿಗೆ ಒಳಪಟ್ಟ" ಅಂತ ಬರೆದ್ರೆ ಏನಾಗತ್ತೆ ನೋಡಿ. ನಮ್ಮ ಪೇಪರ್‌ಗಳಲ್ಲಿ ದಿನಾ "ಠಾಣಾ ವ್ಯಾಪ್ತಿಯಲ್ಲಿ ಘಟನೆ ನಡೆದಿದೆ" ಅಂತ ಓದ್ತೀವಲ್ಲ, ಅಲ್ಲಿ ವ್ಯಾಪ್ತಿ ಅಂದ್ರೆ ಜಾಗ, ಗಡಿ. ಹಾಗಾಗಿ "ಅಮೆರಿಕದಲ್ಲಿ ಹುಟ್ಟಿದ, ಅಮೆರಿಕದ ವ್ಯಾಪ್ತಿಗೆ ಒಳಪಟ್ಟ" ಅಂದ್ರೆ ಓದೋರಿಗೆ ಒಂದೇ ಮಾತು ಎರಡು ಸಲ ಹೇಳಿದಂಗೆ ಕೇಳತ್ತೆ, ಇದಕ್ಕೆ ಸುಪ್ರೀಂ ಕೋರ್ಟ್ ತನಕ ಯಾಕೆ ಹೋದ್ರು ಅನ್ನೋದೇ ತಿಳಿಯಲ್ಲ.

"ಕಾನೂನಿಗೆ ಒಳಪಟ್ಟ" ಅಂದ್ರೆ ಆದೇಶ ವಿರೋಧಿಸೋ ಪಕ್ಷದ ವಾದ ಗೆದ್ದಂಗಾಯ್ತು. ಆ ಪಕ್ಷದವರು ಹೇಳೋದೇ ಅದು, ಟೂರಿಸ್ಟ್ ಆಗ್ಲಿ, ಪೇಪರ್ಸ್ ಇಲ್ದೆ ಬಂದೋರಾಗ್ಲಿ, ಅಲ್ಲಿ ತಪ್ಪು ಮಾಡಿದ್ರೆ ಅಲ್ಲಿನ ಕೋರ್ಟೇ ಶಿಕ್ಷೆ ಕೊಡತ್ತೆ, ಅಂದ್ಮೇಲೆ ಅವರೂ ಒಳಪಟ್ಟವರೇ, ಹೊರಗಿರೋರು ರಾಯಭಾರಿಗಳ ಮಕ್ಕಳು, ದಂಡೆತ್ತಿ ಬಂದ ಶತ್ರುಗಳ ಮಕ್ಕಳು ಇಂಥೋರು ಮಾತ್ರ. ಇದಕ್ಕೆ ಅವರು ತೋರಿಸೋದು ವಾಂಗ್ ಕೇಸು: ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಚೀನೀ ತಂದೆತಾಯಿಗೆ ಹುಟ್ಟಿದ ವಾಂಗ್ ಕಿಮ್ ಆರ್ಕ್ ಚೀನಾಕ್ಕೆ ಹೋಗಿ 1895ರಲ್ಲಿ ವಾಪಸ್ ಬಂದಾಗ ಒಳಗೆ ಬಿಟ್ಕೊಳ್ಲಿಲ್ಲ, 1898ರಲ್ಲಿ ಸುಪ್ರೀಂ ಕೋರ್ಟು 6-2ರಲ್ಲಿ ಅವನು ಹುಟ್ಟಿನಿಂದಲೇ ಪೌರ ಅಂತು.

ಆದೇಶದ ಪರ ಇರೋ ಪಕ್ಷದವರಿಗೆ ಬೇಕಿರೋದು "ನಿಷ್ಠೆಗೆ ಒಳಪಟ್ಟ" ಅನ್ನೋ ಅರ್ಥ. ವಾಂಗ್‌ನ ತಂದೆತಾಯಿ ಅಲ್ಲೇ ಕಾಯಂ ನೆಲೆಸಿದ್ರು, ತಾತ್ಕಾಲಿಕವಾಗಿ ಬಂದೋರಿಗೆ ಆ ತೀರ್ಪು ಅನ್ವಯ ಆಗಲ್ಲ ಅಂತಾರೆ. 1884ರಲ್ಲಿ ಜಾನ್ ಎಲ್ಕ್ ಅನ್ನೋ ಮೂಲನಿವಾಸಿ, ಬುಡಕಟ್ಟನ್ನ ಬಿಟ್ಟು ಬಂದು ಓಮಾಹಾದಲ್ಲಿ ವಾಸ ಮಾಡ್ತಿದ್ದೋನು, ಅವನಿಗೆ ಪೌರತ್ವ ಇಲ್ಲ ಅಂತ ಅದೇ ಕೋರ್ಟ್ ಹೇಳಿದ್ದನ್ನೂ ತೋರಿಸ್ತಾರೆ. ಅದೇ ನೆಲದಲ್ಲಿ ಎಲ್ರಿಗಿಂತ ಮೊದ್ಲಿಂದ ಇದ್ದೋರಿಗೆಲ್ಲ ಪೌರತ್ವ ಸಿಗೋಕೆ 1924 ಬರಬೇಕಾಯ್ತು, ಆ ತೀರ್ಪನ್ನ ಇವತ್ತು ಕೂಸುಗಳ ವಿರುದ್ಧ ಎತ್ತಿ ಹಿಡಿಯೋದು ನೋಡಿದ್ರೆ ನಂಗೆ ನಿಜಕ್ಕೂ ಸಂಕಟ ಆಗತ್ತೆ.

ಇದು ನಮ್ಮೋರಿಗೂ ನೇರ ತಟ್ಟೋ ವಿಷಯ. 2025ರ ಜನವರಿ 20ರಂದು ಟ್ರಂಪ್ ಸಹಿ ಹಾಕಿದ ಆದೇಶದಲ್ಲಿ ಪೇಪರ್ಸ್ ಇಲ್ದೋರಷ್ಟೇ ಅಲ್ಲ, ತಾಯಿ ಎಚ್‌-1ಬಿ (ಕೆಲಸದ ವೀಸಾ), ಸ್ಟೂಡೆಂಟ್ ಥರದ ತಾತ್ಕಾಲಿಕ ವೀಸಾದಲ್ಲಿದ್ದು ತಂದೆಗೂ ಪೌರತ್ವ ಅಥ್ವಾ ಗ್ರೀನ್ ಕಾರ್ಡ್ ಇಲ್ದಿದ್ರೆ ಆ ಮಗೂಗೂ ಪೌರತ್ವ ಇಲ್ಲ ಅಂತಿತ್ತು. ಕೆಳಗಿನ ಕೋರ್ಟ್‌ಗಳು ತಡೆ ಕೊಟ್ವು. ಗ್ರೀನ್ ಕಾರ್ಡ್ ಕ್ಯೂನಲ್ಲಿ ವರ್ಷಗಟ್ಲೆ ಕಾಯ್ತಿರೋ ಕನ್ನಡದ ಮನೆಗಳು ಅಲ್ಲಿ ಎಷ್ಟಿವೆ, ಅವರಿಗೆ ಅರ್ಥ ಆಗ್ಬೇಕು ಅಂತಾನೇ ಈ ಬರಹ.

ನಮ್ಮ 1955ರ ಪೌರತ್ವ ಕಾಯ್ದೇಲಿ ಈ ತೊಡಕಿಲ್ಲ. 3ನೇ ಸೆಕ್ಷನ್‌ನಲ್ಲಿ ಇಲ್ಲಿ ಹುಟ್ಟಿದ್ರೂ ಯಾರಿಗೆ ಪೌರತ್ವ ಇಲ್ಲ ಅಂತ ಬಿಡಿಸಿ ಬರೆದಿದಾರೆ, ರಾಯಭಾರಿಗಳ ಥರ ರಕ್ಷಣೆ ಇರೋ ವಿದೇಶಿಯರ ಮಕ್ಕಳು, ಶತ್ರು ಹಿಡಿದಿರೋ ಜಾಗದಲ್ಲಿ ಹುಟ್ಟಿದ ಶತ್ರುದೇಶದೋರ ಮಕ್ಕಳು. ನಾವೂ ಆಮೇಲೆ ಬಾಗಿಲು ಕಿರಿದು ಮಾಡ್ತಾ ಬಂದ್ವಿ ಅನ್ನೋದು ಬೇರೆ ಮಾತು, 1987ರ ಜುಲೈ 1ರಿಂದ ತಂದೆತಾಯಿಲಿ ಒಬ್ರಾದ್ರೂ ಭಾರತೀಯರಾಗಿರ್ಬೇಕು ಅಂತಾಯ್ತು, 2004ರ ಡಿಸೆಂಬರ್‌ನಿಂದ ಇಬ್ರೂ ಭಾರತೀಯರು, ಇಲ್ಲಾ ಒಬ್ರು ಭಾರತೀಯರಾಗಿ ಇನ್ನೊಬ್ರು ಅಕ್ರಮ ವಲಸಿಗರಲ್ಲದೋರು ಅಂತಾಯ್ತು.

ಸದ್ಯಕ್ಕೆ ನಂಗೆ ತೋಚಿರೋದು "ಆಳ್ವಿಕೆಗೆ ಒಳಪಟ್ಟ". ಆಳ್ವಿಕೆಲಿ ಕಾನೂನೂ ಇದೆ, ಆಳೋರಿಗೂ ಆಳಿಸಿಕೊಳ್ಳೋರಿಗೂ ಇರೋ ನಂಟೂ ಇದೆ, ಎರಡೂ ಪಕ್ಷದವರು ತಮ್ಮ ವಾದ ಅಲ್ಲಿಂದ ಶುರು ಮಾಡ್ಬೋದು. "ಅಧಿಕಾರವ್ಯಾಪ್ತಿ" ಸರ್ಕಾರಿ ಕನ್ನಡದಲ್ಲಿ ರೂಢಿಲಿದೆ, ಆದ್ರೆ ಕೇಳಿದ ತಕ್ಷಣ ಅಧಿಕಾರಿಯ ಏರಿಯಾ ಅನ್ಸತ್ತೆ. ವಕೀಲಿಕೆ ಮಾಡೋರು ಕನ್ನಡದಲ್ಲಿ ಅರ್ಜಿ ಬರೀವಾಗ ಏನ್ ಬಳಸ್ತೀರಿ?

ಇನ್ನೊಂದು, ವಾಂಗ್ ತೀರ್ಪು ಇಂಗ್ಲೆಂಡಿನ ಹಳೇ ಪದ್ಧತಿಗೆ ಹೋಗತ್ತೆ, ರಾಜನ ನೆಲದಲ್ಲಿ ಹುಟ್ಟಿದೋನು ರಾಜನ ಸಬ್ಜೆಕ್ಟ್ (ರಾಜನ ಅಧೀನದೋನು) ಅಂತ. ಸಬ್ಜೆಕ್ಟ್‌ಗೂ ಸಿಟಿಜನ್‌ಗೂ ನಾವು ಪ್ರಜೆ ಅಂದ್ಬಿಡ್ತೀವಿ. ಒಂದೇ ಪ್ಯಾರಾದಲ್ಲಿ ಎರಡೂ ಬಂದಾಗ ಸಬ್ಜೆಕ್ಟ್‌ಗೆ ಪ್ರಜೆ, ಸಿಟಿಜನ್‌ಗೆ ಪೌರ ಅಂತ ಬೇರೆ ಮಾಡಿದ್ರೆ ಓದೋರಿಗೆ ತಿಳಿಯತ್ತಾ, ಇಲ್ಲಾ ಪೌರಕಾರ್ಮಿಕರ "ಪೌರ"ದ ಥರ ಊರಿನೋರು ಅಂತ ಕೇಳತ್ತಾ?